ಮುಟ್ಟಿದವನು ಔಟೋ, ಮುಟ್ಟಿಸಿಕೊಂಡವನು ಔಟೋ?

ಕಬಡ್ಡಿ ಅಂದರೆ ಏನು? ಮುಟ್ಟುವ ಆಟ. ಗೆರೆ ದಾಟಿ ಎದುರಿನವರ ಅಂಗಳಕ್ಕೆ ನುಗ್ಗಬೇಕು. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನಬೇಕು. ಒಬ್ಬನನ್ನಾದರೂ ಮುಟ್ಟಿ ವಾಪಸ್ ಬರಬೇಕು. ಮುಟ್ಟಿಸಿಕೊಂಡವನು ಔಟ್. ಇಷ್ಟೇ ಆಟ.

ನಮ್ಮ ಅಪ್ಪಂದಿರು, ತಾತಂದಿರು ಬೇರೆ ಒಂದು ಆಟ ಆಡಿದರು. ಆಡಿದರು ಅನ್ನೋದಕ್ಕಿಂತ ಆಡಿಸಿಕೊಂಡರು. ಅದರಲ್ಲಿ ಗೆರೆ ದಾಟಿದವನೇ ಔಟ್. ಮುಟ್ಟಿದವನೇ ಔಟ್. ನೆರಳು ಸೋಕಿಸಿದರೂ ಔಟ್. ಆ ಆಟಕ್ಕೆ ನಿಯಮ ಬರೆದವರು ಒಂದೇ ಟೀಮಿನವರು. ಅಂಪೈರೂ ಅವರೇ, ಸ್ಕೋರು ಬರೆಯೋರೂ ಅವರೇ. ಸಾವಿರಾರು ವರ್ಷ ಒಂದೇ ಟೀಮು ಗೆದ್ದಿತು. ಗೆದ್ದವರು ಆ ಗೆಲುವಿಗೆ ಧರ್ಮ ಅಂತ ಹೆಸರಿಟ್ಟರು.

ಆಟದಲ್ಲಿ ಮೋಸ ಅಂದರೆ ಏನು, ನ್ಯಾಯ ಅಂದರೆ ಏನು ಅನ್ನೋ ಮಾತನ್ನು ನಾವು ಇಲ್ಲಿಂದಲೇ ಶುರು ಮಾಡಬೇಕು. ಯಾಕೆ ಅಂದರೆ ಈಚೆಗೆ ನಮ್ಮ ಕೇರಿಯಲ್ಲಿ ಇದೇ ಮಾತಿಗೆ ದೊಡ್ಡ ಜಗಳ ಆಯಿತು. ಆ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ಒಂದು ಊರು. ಹೆಸರು ಬರೆಯೋದಿಲ್ಲ. ಬರೆದರೆ ಆ ಒಂದು ಊರಿಗೆ ಬೈದ ಹಾಗಾಗುತ್ತದೆ, ಉಳಿದ ಊರಿನವರು ಮೀಸೆ ಒರೆಸಿಕೊಂಡು ಕೂತುಬಿಡುತ್ತಾರೆ. ಜಾತ್ರೆಗೆ ಕಬಡ್ಡಿ ಪಂದ್ಯ ಇಟ್ಟಿದ್ದರು. ನಮ್ಮ ಹುಡುಗರು ಮನೆ ಮನೆ ಸುತ್ತಿ ಹತ್ತು ಇಪ್ಪತ್ತು ಎತ್ತಿ ಪ್ರವೇಶ ಶುಲ್ಕ ಕಟ್ಟಿದರು. ಬಾಬಾಸಾಹೇಬರ ಹೆಸರಿಟ್ಟುಕೊಂಡು ಚೀಟಿ ಬರೆಸಿದರು. ಬೇರೆ ಟೀಮುಗಳನ್ನು ಅವರವರ ಹೆಸರು ಹಿಡಿದು ಕರೆದ ಮೈಕಿನವನು, ನಮ್ಮವರ ಸರದಿ ಬಂದಾಗ ಕೂಗಿದ್ದು ಏನು? 'ಕಾಲೋನಿ ಟೀಮು, ಕಾಲೋನಿ ಟೀಮು ಬರಬೇಕು.' ಚೀಟಿ ಅವನ ಕೈಯಲ್ಲೇ ಇತ್ತು. ಕಣ್ಣೂ ಇತ್ತು. ಓದೋಕೆ ನಾಲಿಗೆ ಹೊರಳಲಿಲ್ಲ.

ನೀರಿನ ವಿಷಯ. ಎಲ್ಲರಿಗೂ ಒಂದೇ ಡ್ರಮ್ಮಿನ ನೀರು. ಬೇರೆಯವರಿಗೆ ಸ್ಟೀಲ್ ಲೋಟ. ನಮ್ಮವರಿಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ. ಕೇಳಿದರೆ, 'ಸ್ವಚ್ಛತೆಗೆ ಕಣಪ್ಪಾ, ನಿಮಗೇ ಒಳ್ಳೇದು' ಅಂದರು. ನಮ್ಮ ಆರೋಗ್ಯದ ಮೇಲೆ ಇವರಿಗೆ ಎಷ್ಟೊಂದು ಕಾಳಜಿ!

ಹೀಗೆಲ್ಲ ಆದರೂ ಹುಡುಗರು ಫೈನಲ್ಲಿಗೆ ಬಂದರು. ಎದುರಿಗೆ ಪಂದ್ಯ ಇಟ್ಟವರದೇ ಟೀಮು. ಅಂಪೈರ್ ಆ ಟೀಮಿನ ನಾಯಕನ ಭಾವಮೈದ. ಮೊದಲ ಅರ್ಧದಲ್ಲೇ ನಮ್ಮ ರೈಡರ್ ಅವರ ಮೂಲೆಯ ಹುಡುಗನ ಬೆನ್ನು ಮುಟ್ಟಿ ಬಂದ. ಕೂಡಲೇ ಆ ಹುಡುಗ ಎದೆ ಬಡಕೊಂಡು ಕಿರುಚಿದ: 'ಮುಟ್ಟಿಲ್ಲ! ಮುಟ್ಟಿಲ್ಲ! ಇವನು ನನ್ನ ಮುಟ್ಟೇ ಇಲ್ಲ!' ಅಂಪೈರು ಹೌದು, ಮುಟ್ಟಿಲ್ಲ ಅಂದ. ನಮ್ಮ ಹುಡುಗನ ಅಂಗೈಗೆ ಅಂಟಿದ್ದ ಕೆಮ್ಮಣ್ಣು ಅವನ ಬನಿಯನ್ನಿನ ಬೆನ್ನ ಮೇಲೆ ಐದು ಬೆರಳೂ ಎದ್ದು ಕಾಣುವ ಹಾಗೆ ಮೂಡಿತ್ತು. ಊರೆಲ್ಲ ನೋಡಿತು. ಅಂಪೈರಿಗೆ ಕಾಣಲಿಲ್ಲ.

ಬಂಧುಗಳೇ, ಈ ಮಾತನ್ನು ಸ್ವಲ್ಪ ನಿಂತು ಯೋಚಿಸಿ. ಬಾವಿ ಹತ್ತಿರ, ಹೋಟೆಲಿನಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ 'ಮುಟ್ಟಿಬಿಟ್ಟ, ಮುಟ್ಟಿಬಿಟ್ಟ' ಅಂತ ಕೂಗಿದ ಬಾಯಿ ಇದೇ. ಮುಟ್ಟದಿದ್ದರೂ ಮುಟ್ಟಿದ ಅಂತ ನಮ್ಮನ್ನು ಕಂಬಕ್ಕೆ ಕಟ್ಟಿದ ಬಾಯಿ. ಅದೇ ಬಾಯಿ ಒಂದು ಅಂಕ ಹೋಗುತ್ತೆ ಅಂದ ಕೂಡಲೇ 'ಮುಟ್ಟಿಲ್ಲ' ಅನ್ನುತ್ತದೆ. ಹಾಗಾದರೆ ಮೈಲಿಗೆ ಯಾರ ಮೈಯಲ್ಲೂ ಇಲ್ಲ. ಅದು ಅವರ ಲೆಕ್ಕದ ಪುಸ್ತಕದಲ್ಲಿದೆ. ಲಾಭ ಇದ್ದಾಗ ಹತ್ತುತ್ತದೆ, ನಷ್ಟ ಬಂದಾಗ ತೊಳೆದುಹೋಗುತ್ತದೆ.

ಇನ್ನು ಕೊನೆಯ ರೈಡು. ಎರಡೂ ಕಡೆ ಅಂಕ ಸಮ. ನಮ್ಮ ಅದೇ ಹುಡುಗ ಹೋದ. ಗಾರೆ ಕೆಲಸಕ್ಕೆ ಹೋಗೋ ಹುಡುಗ, ಕಾಲು ಕಬ್ಬಿಣ. ಒಬ್ಬನನ್ನು ಮುಟ್ಟಿ ಹಾರಿ ಬಂದ. ಈ ಸಲ ಅಂಪೈರಿಗೂ ಸುಳ್ಳು ಹೇಳೋಕೆ ಆಗಲಿಲ್ಲ. ಸೀಟಿ ಊದಿ ನಮ್ಮ ಕಡೆ ಕೈ ತೋರಿಸಿದ. ಕೇರಿಯೆಲ್ಲ ಅಂಗಳಕ್ಕೆ ನುಗ್ಗಿತು. ತಮಟೆ ಬಿತ್ತು. ಆಗ ಆ ಹುಡುಗ ಕೈ ಎತ್ತಿದ. 'ಬರೋವಾಗ ನನ್ನ ಹಿಮ್ಮಡಿ ಹೊರಗಿನ ಗೆರೆ ಆಚೆ ಹೋಯ್ತು. ನಾನು ಔಟ್' ಅಂದ.

ಒಂದೇ ಅಂಕದಲ್ಲಿ ಸೋತೆವು.

ಆ ರಾತ್ರಿ ಕೇರಿಯಲ್ಲಿ ಯಾರೂ ಮಲಗಲಿಲ್ಲ. 'ಏನ್ಲಾ ನೀನು, ಹರಿಶ್ಚಂದ್ರನ ಮೊಮ್ಮಗನೇನ್ಲಾ?' ಅಂತ ಒಬ್ಬರು. 'ಅವರು ನುಂಗಿದ್ದು ಕೊಳಗ, ನಮಗೆ ದಕ್ಕಿದ್ದು ಒಂದು ಪಾವು. ಅದನ್ನೂ ಹೋಗಿ ವಾಪಸ್ ಕೊಟ್ಟೆಯಲ್ಲೋ' ಅಂತ ಒಬ್ಬ ಅಜ್ಜಿ. ಹುಡುಗ ಮಾತಾಡಲಿಲ್ಲ. ಗೋಡೆಗೆ ಒರಗಿ ಕೂತಿದ್ದ.

ಇದಕ್ಕಿಂತ ನಮಗೆ ಉರಿದದ್ದು ಇನ್ನೊಂದು. ಬಹುಮಾನ ಹಂಚುವಾಗ ಊರಿನ ಯಜಮಾನರು ಮೈಕು ಹಿಡಿದು ಆ ಹುಡುಗನನ್ನು ಹೊಗಳಿದರು. 'ಕಾಲೋನಿ ಹುಡುಗನಾದರೂ ನಿಯತ್ತು ನೋಡ್ರಪ್ಪಾ' ಅಂದರು. ಚಪ್ಪಾಳೆ ಬಿತ್ತು. ನಿಯತ್ತು! ಈ ಮಾತನ್ನು ಅವರು ಯಾರಿಗೆ ಹೇಳುತ್ತಾರೆ? ಬಾಗಿಲು ಕಾಯುವ ನಾಯಿಗೆ ಹೇಳುತ್ತಾರೆ. ಜೀತಕ್ಕಿದ್ದ ಆಳಿಗೆ ಹೇಳುತ್ತಿದ್ದರು. ತಮ್ಮ ಮಗ ನಿಜ ಹೇಳಿದರೆ ಅದು ಸತ್ಯಸಂಧತೆ. ನಮ್ಮ ಮಗ ನಿಜ ಹೇಳಿದರೆ ಅದು ನಿಯತ್ತು. ಬೆನ್ನ ಮೇಲೆ ಐದು ಬೆರಳು ಹೊತ್ತು 'ಮುಟ್ಟಿಲ್ಲ' ಅಂದ ಅವರ ಹುಡುಗನಿಗೆ ಏನು ಹೆಸರು? ಅವನಿಗೆ ಕಪ್ಪು ಕೊಟ್ಟರು.

ಈಗ ಪ್ರಶ್ನೆ. ಕೈ ಎತ್ತಿದ ಹುಡುಗ ದಡ್ಡನೋ? ಆಳೋ? ಅಥವಾ ಇವೆರಡೂ ಅಲ್ಲದ ಬೇರೆ ಏನೋ? ಇದಕ್ಕೆ ಉತ್ತರ ಹೇಳಬೇಕಾದರೆ ಆಟದ ನ್ಯಾಯ ಅನ್ನೋದನ್ನು ಯಾರು ಬರೆದರು, ಯಾರಿಗೆ ಬರೆದರು ಅಂತ ನೋಡಬೇಕು.

ಪ್ಲಾಸ್ಟಿಕ್ ಲೋಟದಿಂದಲೇ ಹೊರಡೋಣ. ಆ ಲೋಟ ಹೊಸದಲ್ಲ. ಅದರ ಅಜ್ಜ ಪುಣೆಯಲ್ಲಿದ್ದಾನೆ. ಪಾಲ್ವಂಕರ್ ಬಾಲೂ ಅಂತ ಒಬ್ಬ ಎಡಗೈ ಸ್ಪಿನ್ ಬೌಲರ್. ಚಮ್ಮಾರ ಜಾತಿಯವನು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಬೆಳೆದದ್ದು ಪುಣೆಯಲ್ಲಿ. ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸದಿಂದ ಮೇಲೆ ಬಂದ. ಬಿಳಿಯರ ಕ್ಲಬ್ಬಿನಲ್ಲಿ ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಬೌಲಿಂಗ್ ಮಾಡಿದ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸಬೇಕಾಗಿತ್ತು. ಬಾಲೂ ಇಲ್ಲದೆ ಆಗದು. ಟೀಮಿಗೆ ಸೇರಿಸಿಕೊಂಡರು. ಮೈದಾನದಲ್ಲಿ ಅವನು ಎಸೆದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಉಳಿದವರಿಗೆ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪು. ಬಾಲೂಗೆ ಹೊರಗಡೆ, ಕುಡಿದು ಒಡೆದುಹಾಕುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಮೇಜು.

1911ರಲ್ಲಿ ಭಾರತದ ಟೀಮು ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ. ಆ ಪ್ರವಾಸದಲ್ಲಿ ಬಾಲೂ 114 ವಿಕೆಟ್ ತೆಗೆದ. ಹೀಗೆ ದುಡಿದವನಿಗೆ ಬೊಂಬಾಯಿಯ ಹಿಂದೂ ಟೀಮಿನ ನಾಯಕತ್ವ ಕೊನೆಯವರೆಗೂ ಕೊಡಲಿಲ್ಲ. 1920ರಲ್ಲಿ ಅವನ ತಮ್ಮ ವಿಠ್ಠಲನಿಗೆ ಸಲ್ಲಬೇಕಾಗಿದ್ದ ನಾಯಕತ್ವವನ್ನು ಬ್ರಾಹ್ಮಣ ಆಟಗಾರನೊಬ್ಬನಿಗೆ ಕೊಟ್ಟರು. ವಿಠ್ಠಲ, ಶಿವರಾಮ ಇಬ್ಬರು ತಮ್ಮಂದಿರೂ ಟೀಮಿನಿಂದ ಹೊರಬಂದು ಜಾತಿಯ ಕಾರಣದಿಂದ ನಮಗೆ ಅನ್ಯಾಯವಾಗಿದೆ ಎಂದು ಬಹಿರಂಗವಾಗಿ ಹೇಳಿದರು. ಆ ಹೊತ್ತಿಗೆ ಇದು ಸಣ್ಣ ಧೈರ್ಯವಲ್ಲ. ಗದ್ದಲ ಎದ್ದಿತು. 1923ರಲ್ಲಿ ವಿಠ್ಠಲ ನಾಯಕನಾದ. ಹಿಂದೂ ಟೀಮು ಬಿಳಿಯರನ್ನು ಸೋಲಿಸಿ ಕಪ್ಪು ಗೆದ್ದಿತು.

ಮುಂದೆ 1937ರ ಚುನಾವಣೆಯಲ್ಲಿ ಇದೇ ಬಾಲೂ ಕಾಂಗ್ರೆಸ್ಸಿನವರ ಮಾತಿಗೆ ಬಿದ್ದು ಬಾಬಾಸಾಹೇಬರ ವಿರುದ್ಧವೇ ನಿಂತ, ಸೋತ. ಅದನ್ನು ನಾವು ಮುಚ್ಚಿಡುವುದಿಲ್ಲ. ನಾಯಕತ್ವ ಕೊಡದವರು ನಮ್ಮವರ ಮೇಲೆ ನಮ್ಮವರನ್ನು ಬಿಡುವಾಗ ಮಾತ್ರ ಟಿಕೆಟ್ ಕೊಡುತ್ತಾರೆ. ಇದೂ ಅವರು ಆಡುವ ಒಂದು ಆಟ.

ಈಗ ಹೇಳಿ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬ ಆಟಗಾರನಿಗೆ ಅವನ ಪಾಲು ಕೊಡದೆ ಇದ್ದದ್ದು ಮೋಸ ಹೌದೋ ಅಲ್ಲವೋ? ಕ್ರಿಕೆಟ್ಟಿನ ನಿಯಮದ ಪುಸ್ತಕದಲ್ಲಿ ಚೆಂಡು ಕೆರೆಯುವುದು ಮೋಸ. ಸಮಯ ಹಾಳುಮಾಡುವುದು ತಪ್ಪು. ಮಣ್ಣಿನ ಕುಡಿಕೆ ಕೊಡುವುದು ತಪ್ಪು ಅಂತ ಯಾವ ಕಲಮಿನಲ್ಲಿದೆ? ಇಲ್ಲ. ಯಾಕೆ ಅಂದರೆ ಪುಸ್ತಕ ಬರೆದವರು ಪಿಂಗಾಣಿಯಲ್ಲಿ ಕುಡಿಯುತ್ತಿದ್ದವರು.

ಇದನ್ನು ನಾವು ಸಿಟ್ಟಿಗೆ ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ಹೆನ್ಲಿ ಎಂಬಲ್ಲಿ ದೋಣಿ ಸ್ಪರ್ಧೆ ನಡೆಯುತ್ತದೆ, ಬಹಳ ದೊಡ್ಡ ಹೆಸರಿನದು. 1879ರಲ್ಲಿ ಅವರು ಮಾಡಿದ ನಿಯಮದಲ್ಲಿ ಕುಶಲಕರ್ಮಿ, ಕೂಲಿ ಮಾಡುವವನು ಸ್ಪರ್ಧೆಗೆ ಅರ್ಹನಲ್ಲ. ಕೈ ಕೆಲಸ ಮಾಡುವವನ ತೋಳು ಗಟ್ಟಿ ಇರುತ್ತೆ, ಜಂಟಲ್‌ಮನ್ನಿಗೆ ಅನ್ಯಾಯ ಆಗುತ್ತೆ ಅಂತ ವಾದ! ಆ ನಿಯಮ 1937ರವರೆಗೂ ಇತ್ತು. ನಮ್ಮ ಗಾರೆ ಹುಡುಗ ಅಲ್ಲಿ ಹೋಗಿದ್ದರೆ ದೋಣಿ ಹತ್ತುವ ಮೊದಲೇ ಔಟ್. ಅದೇ ದೇಶದ ಕ್ರಿಕೆಟ್ಟಿನಲ್ಲಿ ದುಡ್ಡಿಗೆ ಆಡುವವರು ಬೇರೆ, ಶೋಕಿಗೆ ಆಡುವವರು ಬೇರೆ. ಎಷ್ಟೋ ಮೈದಾನಗಳಲ್ಲಿ ಬಟ್ಟೆ ಬದಲಿಸೋಕೆ ಬೇರೆ ಕೋಣೆ, ಒಳಗೆ ಬರೋಕೆ ಬೇರೆ ಬಾಗಿಲು. ಸ್ಕೋರು ಹಾಳೆಯಲ್ಲಿ ದೊರೆಗಳ ಇನಿಷಿಯಲ್ ಹೆಸರಿನ ಮುಂದೆ, ಕೂಲಿಯವರದು ಹೆಸರಿನ ಹಿಂದೆ. 1962ರಲ್ಲಿ ಈ ಭೇದ ರದ್ದಾಯಿತು. ಬಂಧುಗಳೇ, ಕೇರಿ ಇಲ್ಲಿ ಮಾತ್ರ ಇರಲಿಲ್ಲ. 'ಫೇರ್ ಪ್ಲೇ' ಅನ್ನೋ ಮಾತು ಹುಟ್ಟಿದ ಮನೆಗೂ ಎರಡು ಬಾಗಿಲಿತ್ತು.

ಅಮೆರಿಕಾದ ಮೂಲನಿವಾಸಿ ಜಿಮ್ ಥೋರ್ಪ್ ಕತೆ ಕೇಳಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಮರುವರ್ಷ ಎರಡೂ ಪದಕ ಕಿತ್ತುಕೊಂಡರು. ಏನು ಮಾಡಿದ್ದ? ಮದ್ದು ತಿಂದಿದ್ದನೇ? ಅಡ್ಡಗಾಲು ಕೊಟ್ಟಿದ್ದನೇ? ಇಲ್ಲ. ಅದಕ್ಕೂ ಮುಂಚೆ ಎರಡು ಬೇಸಿಗೆ ಬೇಸ್‌ಬಾಲ್ ಆಡಿ ಪುಡಿಗಾಸು ಸಂಪಾದಿಸಿದ್ದ. ದುಡ್ಡು ಮುಟ್ಟಿದ, ಅದಕ್ಕೆ ಔಟ್. ದೂರು ಕೊಡುವುದಿದ್ದರೆ 30 ದಿನದೊಳಗೆ ಕೊಡಬೇಕು ಅಂತ ಆ ಒಲಿಂಪಿಕ್ಸಿನ ನಿಯಮವೇ ಹೇಳುತ್ತಿತ್ತು. ಆ ಗಡುವು ಮುಗಿದು ತಿಂಗಳುಗಳಾದ ಮೇಲೆ ಪದಕ ಕಿತ್ತರು. ನಿಯಮ ಮುರಿದ ಅಂತ ಶಿಕ್ಷೆ ಕೊಟ್ಟವರೇ ನಿಯಮ ಮುರಿದಿದ್ದರು. ಅವನು 1953ರಲ್ಲಿ ಸತ್ತ. ಪದಕ ಮಕ್ಕಳ ಕೈಗೆ ಬಂದದ್ದು 1983ರಲ್ಲಿ. ಅವನೊಬ್ಬನೇ ಗೆದ್ದವನು ಅಂತ ಪೂರ್ತಿ ಒಪ್ಪಿಕೊಂಡದ್ದು 2022ರಲ್ಲಿ. ನೂರ ಹತ್ತು ವರ್ಷ! ಬಡವನ ಒಂದು ಅಂಕ ಸ್ಕೋರು ಪುಸ್ತಕಕ್ಕೆ ಏರೋಕೆ ಇಷ್ಟು ಕಾಲ.

ಇನ್ನು ದೊಡ್ಡವರು ಮೋಸ ಮಾಡಿದಾಗ ಏನಾಗುತ್ತೆ ನೋಡೋಣ. 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ನ್ಯೂಜಿಲೆಂಡಿಗೆ ಕೊನೇ ಚೆಂಡಿಗೆ ಆರು ರನ್ ಹೊಡೆದರೆ ಪಂದ್ಯ ಸಮ ಆಗುತ್ತಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್ ಕೈಲಿ ಚೆಂಡನ್ನು ಗೋಲಿ ಉರುಳಿಸಿದ ಹಾಗೆ ನೆಲದ ಮೇಲೆ ಉರುಳಿಸಿಬಿಟ್ಟ. ನಿಯಮದಲ್ಲಿ ತಪ್ಪಿರಲಿಲ್ಲ. ಜಗತ್ತೆಲ್ಲ ಛೀ ಅಂದಿತು. ಆಮೇಲೆ ನಿಯಮ ಬದಲಾಯಿತು. ಚಾಪೆಲ್ ಮುಂದೆ ನಮ್ಮ ದೇಶದ ಟೀಮಿಗೇ ಕೋಚ್ ಆಗಿ ಬಂದ. 2018ರಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯಾದವರು ಮರಳು ಕಾಗದ ತಂದು ಚೆಂಡು ಉಜ್ಜಿದರು. ಕ್ಯಾಮರಾಗೆ ಸಿಕ್ಕಿಬಿದ್ದರು. ನಾಯಕ ಸ್ಟೀವ್ ಸ್ಮಿತ್‌ಗೆ ಒಂದು ವರ್ಷ ನಿಷೇಧ. ಅತ್ತ, ತಪ್ಪೊಪ್ಪಿಕೊಂಡ, ಶಿಕ್ಷೆ ಮುಗಿಸಿ ಬಂದ. 2021ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟಿಗೆ ಮತ್ತೆ ಅವನೇ ನಾಯಕ. ಬೇಡ ಅನ್ನುವುದಿಲ್ಲ. ತಪ್ಪು ಮಾಡಿದವನಿಗೆ ಎರಡನೇ ಅವಕಾಶ ಬೇಕು.

ಹಾಗಾದರೆ ತಪ್ಪೇ ಮಾಡದವಳಿಗೆ?

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್ ನಮ್ಮ ಅಕ್ಕ. ದಲಿತರ ಮಗಳು. ತಂದೆ ತಾಯಿ ಇಟ್ಟಿಗೆ ಗೂಡಿನಲ್ಲಿ ಕೂಲಿ. 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದಳು. ಆಮೇಲೆ ನೀನು ಹೆಂಗಸು ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಿ ಪದಕ ಕಿತ್ತರು. ಅವಳು ಯಾವ ಮದ್ದೂ ತಿನ್ನಲಿಲ್ಲ. ಯಾವ ಸುಳ್ಳೂ ಹೇಳಲಿಲ್ಲ. ತಾಯಿ ಹೆತ್ತ ಮೈಯನ್ನು ಹೊತ್ತುಕೊಂಡು ಓಡಿದಳು, ಅಷ್ಟೇ. ಅವಳ ಮೈಯ ಗುಟ್ಟು ದೇಶದ ಟಿ.ವಿ. ಪತ್ರಿಕೆಗಳಲ್ಲೆಲ್ಲ ಬಂತು. 2012ರಲ್ಲಿ ಅದೇ ಶಾಂತಿ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದಾಳೆ ಅಂತ ಪತ್ರಿಕೆಗಳೇ ಬರೆದವು. ಕೋಚ್ ಕೆಲಸ ಸಿಗೋದಕ್ಕೆ ವರ್ಷಗಟ್ಟಲೆ ಅಲೆಯಬೇಕಾಯಿತು. ಬೆಳ್ಳಿ ಇವತ್ತಿಗೂ ವಾಪಸ್ ಬಂದಿಲ್ಲ.

ಮರಳು ಕಾಗದದ ಕೈಗೆ ಮತ್ತೆ ನಾಯಕತ್ವ. ನಿಜವಾಗಿ ಓಡಿದ ಕಾಲಿಗೆ ಇಟ್ಟಿಗೆ ಗೂಡು. ಅವರವರ ದೇಶ ಬೇರೆ, ಆಟ ಬೇರೆ ಅನ್ನಬಹುದು. ಒಪ್ಪೋಣ. ಒಂದು ಮಾತು ಮಾತ್ರ ಕೇಳುತ್ತೇವೆ. ಶಿಕ್ಷೆ ಮುಗಿದ ಮೇಲೆ ಅವನ ದೇಶದ ಬೋರ್ಡೇ ಅವನನ್ನು ವಾಪಸ್ ಕರೆಯಿತು. ಶಾಂತಿಯ ಬೆನ್ನಿಗೆ ಅವಳ ದೇಶದ ಯಾವ ಸಂಸ್ಥೆ ನಿಂತಿತು?

'ಆಟದಲ್ಲಿ ಜಾತಿ ತರಬೇಡಿ, ಅಲ್ಲಿ ಮೆರಿಟ್ ಒಂದೇ' ಅಂತ ನಮಗೆ ಬುದ್ಧಿ ಹೇಳುವವರು ಬಹಳ ಜನ. ನಾವು ತರುತ್ತೇವಾ ಜಾತಿಯನ್ನು? 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದಳು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಹೊಡೆದ ಭಾರತದ ಮೊದಲ ಹೆಂಗಸು. ಆಗ ಅವಳು ಭಾರತದ ಮಗಳು. ಸೆಮಿಫೈನಲ್ಲಿನಲ್ಲಿ ಅರ್ಜೆಂಟೀನಾ ಎದುರು ಟೀಮು ಸೋತಿತು. ಆ ಸಂಜೆ ಹರಿದ್ವಾರದ ಹತ್ತಿರ ರೋಶ್ನಾಬಾದಿನ ಅವಳ ಮನೆ ಮುಂದೆ ಮೇಲ್ಜಾತಿಯ ಹುಡುಗರು ಪಟಾಕಿ ಹೊಡೆದು ಕುಣಿದರು, ಟೀಮಿನಲ್ಲಿ ದಲಿತರು ಜಾಸ್ತಿ ಇದ್ದದ್ದಕ್ಕೇ ಸೋತದ್ದು ಅಂತ ಜಾತಿ ಹಿಡಿದು ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಕೇಸಾಯಿತು, ಬಂಧನವೂ ಆಯಿತು. ದೇಶ ಸೋತದ್ದಕ್ಕೆ ಪಟಾಕಿ! ಗೆದ್ದರೆ ದೇಶದವಳು, ಸೋತರೆ ಕೇರಿಯವಳು. ಈಗ ಹೇಳಿ, ಆಟದೊಳಕ್ಕೆ ಜಾತಿ ತಂದವರು ಯಾರು?

ಬಹಳ ದೂರ ಯಾಕೆ, ನಮ್ಮ ಕರಾವಳಿಗೆ ಬನ್ನಿ. ಕಂಬಳದಲ್ಲಿ ಕೋಣ ಓಡುವ ಮೊದಲು ಕೊರಗರನ್ನು ಕೋಣದ ಹಾಗೆ ಆ ಕೆಸರಿನಲ್ಲಿ ಓಡಿಸುವ ಪದ್ಧತಿ ಇತ್ತು. ಮುಳ್ಳು ಗಾಜು ಇದ್ದರೆ ಮೊದಲು ಮನುಷ್ಯನ ಕಾಲಿಗೆ ಚುಚ್ಚಲಿ, ಕೋಣ ಕ್ಷೇಮವಾಗಿರಲಿ ಅಂತ. ಅಜಲು ಪದ್ಧತಿ ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಕಾಯ್ದೆ ತರಬೇಕಾಯಿತು. ಅಸ್ಪೃಶ್ಯತೆ ರದ್ದು ಅಂತ ಸಂವಿಧಾನದ 17ನೇ ವಿಧಿ ಹೇಳಿ ಅಷ್ಟು ಹೊತ್ತಿಗೆ 50 ವರ್ಷ ಆಗಿತ್ತು. ಗೆದ್ದ ಕೋಣಕ್ಕೆ ಹಾರ. ಮುಂದೆ ಓಡಿದ ಮನುಷ್ಯನ ಹೆಸರು ಯಾವ ಸ್ಕೋರು ಪುಸ್ತಕದಲ್ಲೂ ಇಲ್ಲ.

ಇನ್ನು ಏಕಲವ್ಯ. ಈ ಕತೆಯನ್ನು ಶಾಲೆಯಲ್ಲಿ ನಮಗೆ ಗುರುಭಕ್ತಿಯ ಪಾಠ ಅಂತ ಹೇಳಿಕೊಟ್ಟರು. ನಾವು ಅದನ್ನು ಕ್ರೀಡಾ ಪುಟದ ಸುದ್ದಿ ಅಂತ ಓದೋಣ. ಒಬ್ಬ ಕೋಚ್ ಇದ್ದಾನೆ. ತನ್ನ ಶಿಷ್ಯನೇ ನಂಬರ್ ಒನ್ ಆಗಬೇಕು ಅಂತ ಮಾತು ಕೊಟ್ಟಿದ್ದಾನೆ. ಕಾಡಿನ ಹುಡುಗ ಒಬ್ಬ ಕೋಚಿಂಗೇ ಇಲ್ಲದೆ ಅವನಿಗಿಂತ ಮೇಲೆ ಬಂದ. ಕೋಚ್ ಏನು ಮಾಡಿದ? ಸ್ಪರ್ಧೆ ಇಟ್ಟನೇ? ಇಲ್ಲ, ಹೆಬ್ಬೆರಳು ಕೇಳಿದ. ಜಗತ್ತಿನ ಮ್ಯಾಚ್ ಫಿಕ್ಸಿಂಗಿನಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ? 2000ದಲ್ಲಿ ಹ್ಯಾನ್ಸಿ ಕ್ರೋನಿಯೆ ದುಡ್ಡು ತಗೊಂಡ ಅಂತ ಜೀವನಪೂರ್ತಿ ನಿಷೇಧ ಹಾಕಿದರು. ಬೆರಳು ತಗೊಂಡವನ ಹೆಸರಿನಲ್ಲಿ 1985ರಿಂದ ಭಾರತ ಸರ್ಕಾರ ಒಳ್ಳೆಯ ಕೋಚ್‌ಗಳಿಗೆ ಪ್ರಶಸ್ತಿ ಕೊಡುತ್ತಿದೆ! ನಮ್ಮ ಕರ್ನಾಟಕ ಸರ್ಕಾರ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತದೆ. ದೆಹಲಿಯಲ್ಲಿ ಬೆರಳು ತಗೊಂಡವನಿಗೆ ಮಾಲೆ, ಬೆಂಗಳೂರಿನಲ್ಲಿ ಬೆರಳು ಕೊಟ್ಟವನಿಗೆ ಮಾಲೆ. ಕತ್ತರಿಸಿದ್ದು ತಪ್ಪು ಅಂತ ಮಾತ್ರ ಎರಡು ಕಡೆಯೂ ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕೆಲವು ಗೆಳೆಯರು ಕೇಳುತ್ತಾರೆ: 'ಸರಿ ಮತ್ತೆ. ಆಟವೇ ಮೋಸ ಅಂದ ಮೇಲೆ ನಾವು ಯಾಕೆ ನ್ಯಾಯವಾಗಿ ಆಡಬೇಕು? ಸಾವಿರ ವರ್ಷ ಕಳ್ಳತನ ಮಾಡಿದವರ ಹತ್ತಿರ ಒಂದು ಅಂಕ ಕದ್ದರೆ ಏನು ಪಾಪ?'

ಈ ಪ್ರಶ್ನೆಯನ್ನು ನಾವು ಗೌರವಿಸುತ್ತೇವೆ. ಇದು ಹೊಟ್ಟೆ ಉರಿದು ಬಂದ ಪ್ರಶ್ನೆ. ಆದರೂ ಉತ್ತರ ಇಲ್ಲ ಅಂತಲೇ. ಯಾಕೆ ಅಂತ ಹೇಳುತ್ತೇವೆ.

ಮೊದಲನೆಯದು. ಮೋಸದ ಬಾಗಿಲು ತೆರೆದರೆ ಅದರೊಳಗೆ ಮೊದಲು ನುಗ್ಗುವವರು ನಾವಲ್ಲ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸಿನಲ್ಲಿ ಬುದ್ಧಿಮಾಂದ್ಯರ ಬಾಸ್ಕೆಟ್‌ಬಾಲಿನಲ್ಲಿ ಸ್ಪೇನ್ ಚಿನ್ನ ಗೆದ್ದಿತು. ಆಮೇಲೆ ತಿಳಿಯಿತು, ಟೀಮಿನ 12 ಜನರಲ್ಲಿ 10 ಜನರಿಗೆ ಯಾವ ಅಂಗವಿಕಲತೆಯೂ ಇರಲಿಲ್ಲ. ಅದರ ಶಿಕ್ಷೆ ಯಾರಿಗೆ ಬಿತ್ತು? ನಿಜವಾದ ಬುದ್ಧಿಮಾಂದ್ಯರ ಸ್ಪರ್ಧೆಗಳನ್ನೇ 2012ರವರೆಗೆ ನಿಲ್ಲಿಸಿಬಿಟ್ಟರು. ಇದನ್ನು ಓದಿದಾಗ ನಮಗೆ ಸುಳ್ಳು ಜಾತಿ ಸರ್ಟಿಫಿಕೇಟಿನವರು ನೆನಪಾದರು. ನಮ್ಮ ಹೆಸರು ಬರೆಸಿಕೊಂಡು ನಮ್ಮ ಸೀಟು ನುಂಗುವವರು. ಕೇರಿಯ ಬಿಸಿಲು ಒಂದು ದಿನ ಕಾಣದವರು ಕೇರಿಯ ಮಕ್ಕಳ ಪಾಲಿಗೆ ಕೈ ಹಾಕುತ್ತಾರೆ. ಮೋಸ ಸಾಮರ್ಥ್ಯ ಇದ್ದವನ ಆಯುಧ. ಅಂಪೈರ್ ಯಾರ ಭಾವಮೈದನೋ ಅವನೇ ಅದರಲ್ಲಿ ಗೆಲ್ಲೋದು. ನಮಗೆ ಉಳಿದಿರುವ ಆಯುಧ ನಿಯಮ ಒಂದೇ. ಬಾಬಾಸಾಹೇಬರು ನಮ್ಮ ಕೈಗೆ ಕೊಟ್ಟದ್ದು ಕತ್ತಿಯನ್ನಲ್ಲ, ಒಂದು ನಿಯಮದ ಪುಸ್ತಕವನ್ನು. ಅದನ್ನು ನಾವೇ ಹರಿದರೆ ನಾಳೆ ಯಾವುದನ್ನು ತೋರಿಸಿ ನ್ಯಾಯ ಕೇಳೋಣ?

ಎರಡನೆಯದು. ಬೆನ್ನ ಮೇಲಿನ ಐದು ಬೆರಳಿನ ಗುರುತು ಸುಳ್ಳು ಅಂದವರಿಗೆ ನಾವು ಏನು ಅಂದೆವು? ಕಣ್ಣಿಗೆ ಕಂಡದ್ದನ್ನು ಒಪ್ಪಿಕೊಳ್ಳಿ ಅಂದೆವು. ಹಿಮ್ಮಡಿ ಗೆರೆ ಆಚೆ ಹೋದದ್ದೂ ಅಷ್ಟೇ ನಿಜ. ಒಂದು ನಿಜ ಬೇಕು, ಇನ್ನೊಂದು ಬೇಡ ಅಂದರೆ ನಾವೂ ಲಾಭ ನೋಡಿ ಮೈಲಿಗೆ ಲೆಕ್ಕ ಹಾಕುವವರ ಸಾಲಿಗೆ ಸೇರುತ್ತೇವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎತ್ತಿದ ಕೈ ಬೇರೆ, ಕತ್ತರಿಸಿ ಕೊಟ್ಟ ಬೆರಳು ಬೇರೆ. ಏಕಲವ್ಯ ಬೆರಳು ಕೊಟ್ಟದ್ದು ಎದುರಿಗೆ ಗುರು ನಿಂತು ಕೇಳಿದ ಅಂತ. ಅದು ಭಕ್ತಿ, ಅದು ಭಯ, ಅದು ನಿಯತ್ತು. ನಮ್ಮ ಹುಡುಗನನ್ನು ಯಾರು ಕೇಳಿದ್ದರು? ಯಾರೂ ಇಲ್ಲ. ಅಂಪೈರ್ ನೋಡಿರಲಿಲ್ಲ. ಯಜಮಾನರು ನೋಡಿರಲಿಲ್ಲ. ನೋಡಿದ್ದವನು ಅವನೊಬ್ಬನೇ. ಆ ಒಂದು ಗಳಿಗೆಯಲ್ಲಿ ಆ ಇಡೀ ಮೈದಾನಕ್ಕೆ ಅಂಪೈರ್ ಆಗಿದ್ದವನು ಕೇರಿಯ ಹುಡುಗ. ತೀರ್ಪು ಹೇಳುವ ಹಕ್ಕು ಇಲ್ಲಿವರೆಗೂ ಯಾರ ಕೈಯಲ್ಲಿ ಇತ್ತೋ ಅವರ ಕೈಯಿಂದ ಅದನ್ನು ಕಿತ್ತುಕೊಂಡು, ತನ್ನ ಮೇಲೆ ತಾನೇ ತೀರ್ಪು ಹೇಳಿದ. ಇದು ಆಳಿನ ಗುಣವಲ್ಲ. ಇದಕ್ಕೆ ಸ್ವಾಭಿಮಾನ ಅಂತ ಹೆಸರು. ಅದಕ್ಕೇ ಯಜಮಾನರು ಅವಸರವಸರವಾಗಿ ಅದಕ್ಕೆ ನಿಯತ್ತು ಅಂತ ಚೀಟಿ ಅಂಟಿಸಿದ್ದು. ಹೆದರಿಕೆಯಿಂದ!

ಹಾಗಂತ ಹುಡುಗನ ಒಳ್ಳೆಯತನವನ್ನು ಹಾಡಿ ಹೊಗಳಿ ಮನೆಗೆ ಹೋಗಿ ಮಲಗುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಒಬ್ಬ ಕೈ ಎತ್ತಿದರೆ ಸಾಲದು. ಅವನ ಹಿಮ್ಮಡಿಯ ಲೆಕ್ಕ ಅವನು ಕೊಟ್ಟಿದ್ದಾನೆ. ಐದು ಬೆರಳಿನ ಲೆಕ್ಕ ಇನ್ನೂ ಬಾಕಿ ಇದೆ. ಅದನ್ನು ಕೇಳುವುದು ನಮ್ಮೆಲ್ಲರ ಕೆಲಸ. ಆದ್ದರಿಂದ ಮುಂದಿನ ಪಂದ್ಯಕ್ಕೆ ಚೀಟಿ ಬರೆಸುವ ಮೊದಲು ಪ್ರತಿ ಊರಿನಲ್ಲೂ ಇವನ್ನು ಕೇಳೋಣ:

1. ಅಂಪೈರ್, ಸ್ಕೋರರ್ ಇಬ್ಬರೂ ಆ ಊರಿನವರಾಗಿರಬಾರದು. ಫೈನಲ್ಲಿಗೆ ಬಂದ ಟೀಮಿನ ನೆಂಟರಂತೂ ಕೂಡದು.

2. ಸ್ಕೋರು ಪುಸ್ತಕಕ್ಕೆ ಎರಡೂ ಟೀಮಿನ ನಾಯಕರು ಸಹಿ ಹಾಕಬೇಕು. ನಮ್ಮ ಹುಡುಗರು ಸ್ಕೋರು ಬರೆಯುವುದನ್ನು, ನಿಯಮ ಓದುವುದನ್ನು ಕಲಿಯಬೇಕು. ಓದಿದ ನಾವು ಅದನ್ನು ಕಲಿಸಬೇಕು. ಬಿ.ಎ. ಮಾಡಿ ಪದ್ಯ ಬರೆದುಕೊಂಡು ಕೂತರೆ ಸಾಲದು. ಇದು ನಮಗೆ ನಾವೇ ಹೇಳಿಕೊಳ್ಳುವ ಮಾತು.

3. ಮೈಕಿನಲ್ಲಿ ನಮ್ಮ ಟೀಮಿನ ಹೆಸರು ಬರೆಸಿದ ಹಾಗೇ ಕೂಗಬೇಕು. 'ಕಾಲೋನಿ ಟೀಮು' ಅಂದರೆ ಅಂಗಳಕ್ಕೆ ಇಳಿಯೋದಿಲ್ಲ.

4. ಒಂದೇ ನೀರು, ಒಂದೇ ಲೋಟ. ಪ್ಲಾಸ್ಟಿಕ್ ಆದರೆ ಎಲ್ಲರಿಗೂ ಪ್ಲಾಸ್ಟಿಕ್. ಸ್ಟೀಲ್ ಆದರೆ ಎಲ್ಲರಿಗೂ ಸ್ಟೀಲ್. ಎರಡು ಲೋಟ ಇಟ್ಟರೆ ಅದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಠಾಣೆಯ ದಾರಿ ನಮಗೂ ಗೊತ್ತಿದೆ.

5. ಶಾಲೆ, ಕಾಲೇಜು, ತಾಲ್ಲೂಕು, ಜಿಲ್ಲೆ, ಎಲ್ಲೇ ಟೀಮು ಆರಿಸಿದರೂ ಯಾರು ಯಾರು ಬಂದಿದ್ದರು, ಯಾರಿಗೆ ಎಷ್ಟು ಅಂಕ ಬಂತು ಅಂತ ಬೋರ್ಡಿಗೆ ಹಾಕಬೇಕು. ಮೆರಿಟ್ ಅನ್ನುತ್ತೀರಲ್ಲ, ಬಿಸಿಲಿಗೆ ತಂದು ಹರವಿ. ನಾವೂ ನೋಡುತ್ತೇವೆ.

ಇಷ್ಟನ್ನೂ ಒಪ್ಪಿದ ಊರಿನಲ್ಲಿ ಆಡೋಣ. ಸೋತರೆ ಎದುರಿನವನ ಕೈ ಕುಲುಕಿ ಬರೋಣ, ಅದರಲ್ಲಿ ನಾಚಿಕೆ ಇಲ್ಲ. ಒಪ್ಪದ ಊರಿನಲ್ಲಿ ವಿಠ್ಠಲ, ಶಿವರಾಮ 1920ರಲ್ಲಿ ಮಾಡಿದ್ದನ್ನೇ ಮಾಡೋಣ. ಹೊರಗೆ ಬಂದು ಯಾಕೆ ಬಂದೆವು ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳೋಣ.

ಗಾರೆ ಕೆಲಸದ ಆ ತಮ್ಮನಿಗೆ ಒಂದು ಮಾತು. ಗೋಡೆಗೆ ಒರಗಿ ತಲೆ ತಗ್ಗಿಸಿ ಕೂರಬೇಡ ತಮ್ಮಾ. ಆ ರಾತ್ರಿ ನಾವೂ ನಿನ್ನನ್ನು ಬೈದೆವು, ತಪ್ಪು ನಮ್ಮದು. ಮುಂದಿನ ಜಾತ್ರೆಗೆ ಮತ್ತೆ ಕೈಗೆ ಕೆಮ್ಮಣ್ಣು ತಿಕ್ಕಿಕೊಂಡು ಹೋಗು. ಗೆರೆ ದಾಟು. ಮುಟ್ಟು. ಮುಟ್ಟಿದ್ದನ್ನು ಈ ಸಲ ಅವರು ಇಲ್ಲ ಅನ್ನದ ಹಾಗೆ ನೋಡಿಕೊಳ್ಳಲು ಅಂಗಳದ ನಾಲ್ಕೂ ಮೂಲೆಯಲ್ಲಿ ನಾವು ನಿಂತಿರುತ್ತೇವೆ.

ಜೈ ಭೀಮ್.